ಶಾಮೀರ್‌ಪೇಟೆಯ ದಾರಿ

ಹೈದರಾಬಾದಿನ ಕುಷಾಯಿಗೂಡದಿಂದ ಉತ್ತರಕ್ಕೆ ಮುಖ ಮಾಡಿ ಹೊರಟರೆ ಇಪ್ಪತ್ತು ಕಿಲೋಮೀಟರಿನ ಆಚೀಚೆಗೆ ಶಾಮೀರ್‌ಪೇಟೆಯ ಕೆರೆ ಸಿಗುತ್ತದೆ. ಇಂದು ಆ ದಾರಿಯಲ್ಲಿ ಮನೆಗಳ ಸಾಲು ಕಡಿಯುವುದೇ ಇಲ್ಲ. 1951ರಲ್ಲಿ ಇದು ಬೇರೆಯೇ ಸೀಮೆ. ಇಂದು ಇಲ್ಲಿನ ಗುರುತಾದ ಇಸಿಐಎಲ್ ಎಂಬ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಹುಟ್ಟಲು ಇನ್ನೂ ಹದಿನಾರು ವರ್ಷ ಇತ್ತು. ಮೌಲಾ ಅಲಿ ಗುಡ್ಡದ ಮೇಲಿನ ದರ್ಗಾವೇ ದಾರಿಹೋಕರಿಗೆ ದಿಕ್ಕು ತೋರುವ ಗುರುತು. ಸುತ್ತ ಆನೆ ಮಲಗಿದಂಥ ಬಂಡೆಗಳು, ನಡುನಡುವೆ ತಾಳೆಮರ, ಮಳೆಯನ್ನೇ ನಂಬಿದ ಹೊಲ.

ನಿಜಾಮರ ರಾಜ್ಯ ಭಾರತಕ್ಕೆ ಸೇರಿ ಮೂರು ವರ್ಷವಾಗಿತ್ತು. ಗಾಯ ಇನ್ನೂ ಹಸಿಯಾಗಿತ್ತು. ತೆಲಂಗಾಣದ ರೈತರ ಸಶಸ್ತ್ರ ಹೋರಾಟ ನಿಂತದ್ದು ಆ ವರ್ಷದ ಅಕ್ಟೋಬರಿನಲ್ಲಿ. ಅದಕ್ಕೆ ಆರು ತಿಂಗಳು ಮೊದಲು, ಏಪ್ರಿಲ್ 18ರಂದು, ಪೋಚಂಪಲ್ಲಿಗೆ ನಡೆದು ಬಂದ ವಿನೋಬಾ ಭಾವೆಯವರ ಎದುರು ಊರಿನ ದಲಿತರು ಭೂಮಿ ಬೇಕೆಂದು ನಿಂತಾಗ ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆಂದು ಎದ್ದು ನುಡಿದಿದ್ದರು. ಹಳ್ಳಿಗೆ ಏನು ಬೇಕು ಎಂಬ ಪ್ರಶ್ನೆಗೆ ಬಂದೂಕು, ದಾನ, ಸರ್ಕಾರದ ಕಾನೂನು ಮೂರೂ ಒಂದೇ ಕಾಲದಲ್ಲಿ ಉತ್ತರ ಹೇಳಲು ಹೊರಟಿದ್ದ ಕಾಲವದು.

ಅಂಥ ಹೊತ್ತಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಒಂದು ತಂಡ ಶಾಮೀರ್‌ಪೇಟೆಗೆ ಬಂದಿಳಿಯಿತು. ಮುಂದಾಳು ಶ್ಯಾಮಾಚರಣ ದುಬೆ, ಇನ್ನೂ ಮೂವತ್ತು ತುಂಬದ ಸಮಾಜಶಾಸ್ತ್ರಜ್ಞ. ಅದು ವಿಶ್ವವಿದ್ಯಾಲಯದ ಸಮಾಜಸೇವಾ ಕಾರ್ಯಕ್ರಮ. ವೈದ್ಯಕೀಯದವರು ರೋಗಿಗಳನ್ನು ನೋಡಿದರು, ಪಶುವೈದ್ಯದವರು ದನಕರುಗಳನ್ನು ನೋಡಿದರು, ಕೃಷಿಯವರು ಹೊಲಕ್ಕಿಳಿದರು. ದುಬೆಯವರ ಬಳಗ ಮನೆಮನೆಯ ಜಗಲಿಯಲ್ಲಿ ಕೂತು ಕೇಳಿತು: ಯಾರಿಗೆ ಯಾರು ನೆಂಟರು, ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ, ಸುಗ್ಗಿಯ ಕಣದಲ್ಲಿ ಬಡಗಿಗೆಷ್ಟು, ಕುಂಬಾರನಿಗೆಷ್ಟು, ಯಾವ ಹಬ್ಬಕ್ಕೆ ಯಾವ ದೇವರು, ಮಗು ಹುಟ್ಟಿದರೆ ಏನು, ಸತ್ತರೆ ಏನು. ದುಬೆ ಮುಂದೆ ಲಂಡನ್ನಿನ ಪ್ರಾಚ್ಯ ಮತ್ತು ಆಫ್ರಿಕಾ ಅಧ್ಯಯನ ಶಾಲೆಗೆ ಪಾಠ ಹೇಳಲು ಹೋದರು. 1955ರಲ್ಲಿ ಲಂಡನ್ನಿನಿಂದಲೇ 'ಇಂಡಿಯನ್ ವಿಲೇಜ್' ಎಂಬ ಪುಸ್ತಕವಾಗಿ ಶಾಮೀರ್‌ಪೇಟೆ ಹೊರಬಂತು. ಹೈದರಾಬಾದಿನಲ್ಲೂ ಬಹಳ ಜನಕ್ಕೆ ತಿಳಿಯದ ಒಂದು ಊರು ಪರದೇಶದ ವಿದ್ಯಾರ್ಥಿಗಳ ಓದಿನ ಮೇಜಿನ ಮೇಲೆ ಕೂತಿತು.

ಕನ್ನಡ ನಾಡಿನಲ್ಲೂ ಆಗ ಅದೇ ಗಾಳಿ ಬೀಸಿತ್ತು. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲೇ ತಾವು ರಾಮಪುರ ಎಂದು ಕರೆದ ಹಳ್ಳಿಯಲ್ಲಿ ಬಿಡಾರ ಹೂಡಿದ್ದರು. 1954ರಲ್ಲಿ ಸ್ಕಾರ್ಲೆಟ್ ಎಪ್ಸ್ಟೀನ್ ಮಂಡ್ಯದ ಎರಡು ಹಳ್ಳಿಗಳಿಗೆ ಬಂದು, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಊರಿಗೂ ನೀರು ಹತ್ತದ ಊರಿಗೂ ಬಾಳು ಹೇಗೆ ಬೇರೆಯಾಯಿತೆಂದು ಬರೆದರು. ಶ್ರೀನಿವಾಸ್ ಸಂಪಾದಿಸಿದ 'ಇಂಡಿಯಾಸ್ ವಿಲೇಜಸ್' ಸಂಕಲನದಲ್ಲಿ ದುಬೆಯವರ ಲೇಖನವೂ ಇದೆ. ರಾಮಪುರವೂ ಶಾಮೀರ್‌ಪೇಟೆಯೂ ಹೀಗೆ ಒಂದೇ ರಟ್ಟಿನೊಳಗೆ ಭೇಟಿಯಾದವು.

ಲೋಕದ ಲೆಕ್ಕಾಚಾರ ಬೇರೆ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಡ ದೇಶಗಳನ್ನು ಮೇಲೆತ್ತುವುದೇ ಒಂದು ಶಾಸ್ತ್ರವಾಗಿ ಬೆಳೆಯಿತು. ಆ ಶಾಸ್ತ್ರದ ಬುಡದಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು: ಬಡವನ ಬಡತನಕ್ಕೆ ಅವನ ಮನಸ್ಸೇ ಕಾರಣ, ಸಂಪ್ರದಾಯ ಅವನ ಕಾಲು ಕಟ್ಟಿದೆ, ಹೊಸತೆಂದರೆ ಅವನಿಗೆ ಭಯ. ಮನಸ್ಸು ತಿದ್ದಿದರೆ ಹೊಲ ತಾನೇ ತಿದ್ದಿಕೊಳ್ಳುತ್ತದೆ. ಆ ನಂಬಿಕೆಯನ್ನು ಹೊತ್ತು ದೇಶವಿದೇಶದ ಪಂಡಿತರು ಹೈದರಾಬಾದಿಗೆ ಬಂದರು. ಅದನ್ನು ಒರೆಗೆ ಹಚ್ಚಿದ್ದೂ ಈ ಸೀಮೆಯ ಊರುಗಳೇ. ಕಾಲು ಶತಮಾನ ನಡೆದ ಆ ಪರೀಕ್ಷೆಯೇ ಈ ಕಥನದ ವಸ್ತು.

1952ರ ಜನವರಿಯಲ್ಲಿ ಭಾರತ ಮತ್ತು ಅಮೆರಿಕಾ ತಾಂತ್ರಿಕ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷದ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ 55 ಕಡೆ ಶುರುವಾಯಿತು. ಫೋರ್ಡ್ ಪ್ರತಿಷ್ಠಾನ ತರಬೇತಿಗೆ ಹಣ ಕೊಟ್ಟಿತು. ಗ್ರಾಮಸೇವಕ ಎಂಬ ಹೊಸ ನೌಕರ ಬಿತ್ತನೆ ಬೀಜ, ಗೊಬ್ಬರ, ಶೌಚಗುಂಡಿ, ಅಕ್ಷರ ಎಲ್ಲವನ್ನೂ ಒಂದೇ ಸೈಕಲ್ಲಿನ ಮೇಲೆ ಹೇರಿಕೊಂಡು ಹೊರಟ. ಅವನನ್ನು ತಯಾರು ಮಾಡುವವರಿಗೆ ಪಾಠ ಹೇಳಬೇಕಲ್ಲ? 1958ರಲ್ಲಿ ಮಸ್ಸೂರಿಯಲ್ಲಿ ಸಮುದಾಯ ಅಭಿವೃದ್ಧಿಯ ಅಧ್ಯಯನ ಮತ್ತು ಸಂಶೋಧನೆಗೊಂದು ಕೇಂದ್ರ ಸಂಸ್ಥೆ ಎದ್ದಿತು. ಶಾಮೀರ್‌ಪೇಟೆಯ ದುಬೆಯವರು ಅಲ್ಲಿ ಸಂಶೋಧನೆಯ ಹೊಣೆ ಹೊತ್ತರು. ಅಷ್ಟರೊಳಗೆ ಅವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಯೋಜನೆಯ ಫಲವನ್ನು ಕಣ್ಣಾರೆ ಕಂಡು ಬರೆದಾಗಿತ್ತು. ಬಂದ ನೆರವಿನ ದೊಡ್ಡ ಪಾಲು ಮೊದಲೇ ಅನುಕೂಲವಿದ್ದ ರೈತರ ಕೈ ಸೇರಿತ್ತು. ಬಡವರ ಪಾಲಿಗೆ ಬಂದದ್ದು ರಸ್ತೆ ಹಾಕುವ ಶ್ರಮದಾನ. ಮುಚ್ಚುಮರೆಯಿಲ್ಲದೆ ಈ ಮಾತು ಹೇಳಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಹೈದರಾಬಾದಿನ ಕಡೆ ತಿರುಗೋಣ. 1956ರ ನವೆಂಬರ್ 1ರಂದು ಹಳೆಯ ರಾಜ್ಯ ಮೂರು ಹೋಳಾಯಿತು. ಬೀದರ್, ಗುಲ್ಬರ್ಗ, ರಾಯಚೂರು ಮೈಸೂರಿಗೆ ಸೇರಿದವು. ಮರಾಠವಾಡ ಮುಂಬಯಿಗೆ ಹೋಯಿತು. ಉಸ್ಮಾನಿಯಾದಲ್ಲಿ ಓದಿ ಇಲ್ಲೇ ನೌಕರಿ ಹಿಡಿದ ಕನ್ನಡಿಗರಿಗೆ ಒಂದೇ ರಾತ್ರಿಯಲ್ಲಿ ತಮ್ಮ ರಾಜಧಾನಿ ಪರರಾಜ್ಯವಾಯಿತು. ಕಾಚಿಗೂಡದ ಕನ್ನಡ ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ಅವರು ಕೈಬಿಡಲಿಲ್ಲ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ರಾಜ್ಯ ಅಳಿಯಿತು, ನಗರದಲ್ಲಿ ಅರಮನೆಗಳು ಉಳಿದವು. ಬೇರಾರಿನ ರಾಜಕುಮಾರ ಆಜಂ ಜಾಹ್ ವಾಸವಿದ್ದ ಬೆಲ್ಲಾ ವಿಸ್ತಾ ಅರಮನೆಗೆ ಹೊಸ ಒಡೆಯರು ಬಂದರು. ಅದೇ 1956ರಲ್ಲಿ ಹುಟ್ಟಿದ ಭಾರತೀಯ ಆಡಳಿತ ಸಿಬ್ಬಂದಿ ಕಾಲೇಜು, ಜನರ ಬಾಯಲ್ಲಿ 'ಆಸ್ಕಿ', ಅಲ್ಲಿ ನೆಲೆಯಾಯಿತು.

ಇಂಗ್ಲೆಂಡಿನ ಹೆನ್ಲಿಯ ಕಾಲೇಜೇ ಅದರ ಮಾದರಿ. ಮೊದಲ ಪ್ರಾಂಶುಪಾಲರು ಜನರಲ್ ಎಸ್.ಎಂ. ಶ್ರೀನಾಗೇಶ್; ಭೂಸೇನೆಯ ಮುಖ್ಯಸ್ಥರಾಗಿದ್ದು 1957ರಲ್ಲಿ ನಿವೃತ್ತರಾದವರು, ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿಯೂ ಬಂದವರು. ದಂಡನಾಯಕನೊಬ್ಬ ಗುರುಪೀಠದಲ್ಲಿ ಕೂತ ಆ ಶಾಲೆಯಲ್ಲಿ ಉಪನ್ಯಾಸಕ್ಕಿಂತ ಚರ್ಚೆಗೆ ಬೆಲೆ. ಸರ್ಕಾರದ ಕಾರ್ಯದರ್ಶಿ, ಖಾಸಗಿ ಗಿರಣಿಯ ವ್ಯವಸ್ಥಾಪಕ, ಸಾರ್ವಜನಿಕ ಉದ್ದಿಮೆಯ ಎಂಜಿನಿಯರ್, ಸೇನೆಯ ಅಧಿಕಾರಿ ಎಲ್ಲರನ್ನೂ ಬೆರೆಸಿ ಹತ್ತು ಜನರ ಸುಮಾರಿನ ಗುಂಪು ಕಟ್ಟುತ್ತಿದ್ದರು. ಅದಕ್ಕೆ ಸಿಂಡಿಕೇಟ್ ಎಂದು ಹೆಸರು. ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಅಧ್ಯಕ್ಷ. ಇವತ್ತು ಮೇಜಿನ ತಲೆಗೆ ಕೂತವನು ನಾಳೆ ಮೂಲೆಯಲ್ಲಿ ಕೂತು ಇನ್ನೊಬ್ಬನ ಮಾತು ಕೇಳಬೇಕು. ಗುಂಪು ವರದಿ ಬರೆದು ಎಲ್ಲರೆದುರು ಸಮರ್ಥಿಸಿಕೊಳ್ಳಬೇಕು. ಕಡತದ ಮೇಲೆ ಸಹಿ ಹಾಕಿಯೇ ರೂಢಿಯಾದ ಕೈಗಳಿಗೆ ಇದು ಹೊಸ ಅಭ್ಯಾಸ.

ಆ ಕಾಲೇಜಿನ ಆಡಳಿತ ಮಂಡಳಿಯನ್ನು ಬಹುಕಾಲ ನಡೆಸಿದವರು ಸಿ.ಡಿ. ದೇಶಮುಖ್. 1944ರಲ್ಲಿ, ಭಾರತ ಇನ್ನೂ ಪರರ ಆಳ್ವಿಕೆಯಲ್ಲಿದ್ದಾಗಲೇ, ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದ ನಿಯೋಗದಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಅವರಿದ್ದರು. ವಿಶ್ವಬ್ಯಾಂಕೂ ಹಣಕಾಸು ನಿಧಿಯೂ ಮೂಡಿದ ಆ ಸಭೆಯಲ್ಲಿ ಹಿಂದುಳಿದ ದೇಶಗಳ ಅಗತ್ಯವನ್ನು ದಾಖಲೆಗೆ ತರಿಸಲು ಭಾರತದ ನಿಯೋಗ ಹೆಣಗಿತು. ಜಗತ್ತಿನ ಹಣದ ವ್ಯವಸ್ಥೆ ಹುಟ್ಟಿದ ಮನೆಯಲ್ಲಿ ಕೂತವರು ಕೊನೆಗಾಲದಲ್ಲಿ ಹೈದರಾಬಾದಿನಲ್ಲೇ ನೆಲೆಸಿ, 1982ರಲ್ಲಿ ಇಲ್ಲೇ ಕಣ್ಣು ಮುಚ್ಚಿದರು.

ಅದೇ ಹಾದಿಯಲ್ಲಿ ಇನ್ನೊಬ್ಬರು ನಡೆದಿದ್ದರು. ಅವರನ್ನು ಕನ್ನಡಿಗರು ಮರೆಯಬಾರದು. ವಿ.ಕೆ.ಆರ್.ವಿ. ರಾವ್, ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿ, 1949ರಲ್ಲಿ ಒಂದು ಪ್ರಸ್ತಾಪ ಮುಂದಿಟ್ಟರು: ಬಡ ದೇಶಗಳಿಗೆ ಸುಲಭದ ಷರತ್ತಿನಲ್ಲಿ ಸಾಲ ಕೊಡಲು ವಿಶ್ವಸಂಸ್ಥೆಯೇ ಒಂದು ಆಡಳಿತ ನಡೆಸಲಿ. ಶ್ರೀಮಂತ ದೇಶಗಳು ಒಪ್ಪಲಿಲ್ಲ. ಹೆಸರು ಬದಲಾಯಿತು, ರೂಪ ಬದಲಾಯಿತು, ದಶಕವೊಂದು ವಾದದಲ್ಲೇ ಕಳೆಯಿತು. ಕೊನೆಗೆ 1960ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಹುಟ್ಟಿತು, ಆದರೆ ವಿಶ್ವಬ್ಯಾಂಕಿನ ಸೂರಿನಡಿ. ಹಣ ಕೊಟ್ಟವರ ಕೈಯಲ್ಲೇ ತಕ್ಕಡಿ ಉಳಿಯಿತು. ರಾವ್ ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಮಂತ್ರಿಯಾದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದಾಗ ಜೊತೆಗೆ ಕರೆದುಕೊಂಡದ್ದು ರಾಮಪುರದ ಶ್ರೀನಿವಾಸರನ್ನು. ನ್ಯೂಯಾರ್ಕಿನ ಸಭೆಗಳನ್ನು ಕಂಡ ಅರ್ಥಶಾಸ್ತ್ರಜ್ಞ ತನ್ನ ಶಾಲೆಗೆ ಹಳ್ಳಿಯಲ್ಲಿ ಬಾಳಿದವನನ್ನು ಅರಸಿ ತಂದದ್ದರಲ್ಲಿ ನನಗೆ ಬಹಳ ಅರ್ಥ ಕಾಣುತ್ತದೆ.

ಇನ್ನು ಯೂಸುಫ್‌ಗೂಡದ ಸಿಯೆಟ್. ಸಣ್ಣ ಕೈಗಾರಿಕೆಗಳ ಅಧಿಕಾರಿಗಳಿಗೆ ತರಬೇತಿ ಕೊಡಲು 1960ರಲ್ಲಿ ದೆಹಲಿಯಲ್ಲಿ ಹುಟ್ಟಿದ ಸಂಸ್ಥೆ 1962ರಲ್ಲಿ ಹೈದರಾಬಾದಿಗೆ ಬಂದು ಈ ಹೆಸರು ಪಡೆಯಿತು. ಅಲ್ಲಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮ್ಯಾಕ್ಲೆಲಂಡ್ ತಮ್ಮ ಸಿದ್ಧಾಂತವನ್ನು ಹೊತ್ತು ತಂದರು. ಸಾಧಿಸಬೇಕೆಂಬ ಹಂಬಲ ಹೆಚ್ಚಿರುವ ಸಮಾಜವೇ ಸಿರಿವಂತವಾಗುತ್ತದೆ, ಆ ಹಂಬಲವನ್ನು ಕಲಿಸಲೂ ಬರುತ್ತದೆ ಎಂಬುದು ಅವರ ವಾದ. 1964ರಲ್ಲಿ ಗೋದಾವರಿ ಸೀಮೆಯ ಕಾಕಿನಾಡದಿಂದ ಐವತ್ತರ ಆಸುಪಾಸು ವ್ಯಾಪಾರಿಗಳು ತಂಡತಂಡವಾಗಿ ಹೈದರಾಬಾದಿಗೆ ಬಂದರು. ಹತ್ತು ದಿನ ಅಲ್ಲೇ ಊಟ, ಅಲ್ಲೇ ವಾಸ.

ಆ ತರಗತಿಯನ್ನು ಹತ್ತಿರದಿಂದ ನೋಡಬೇಕು. ಮುಂದೆ ಒಂದು ಚಿತ್ರ ಇಡುತ್ತಾರೆ: ಕೆಲಸದ ಮೇಜಿನ ಬಳಿ ಒಬ್ಬ ಮನುಷ್ಯ, ಮೇಜಿನ ಮೇಲೆ ಅವನ ಸಂಸಾರದ ಫೋಟೋ. ಕೆಲವೇ ನಿಮಿಷದಲ್ಲಿ ಒಂದು ಕಥೆ ಬರೆಯಿರಿ ಎನ್ನುತ್ತಾರೆ. ಒಬ್ಬ ಬರೆಯುತ್ತಾನೆ, ಇವನಿಗೆ ಮನೆಯ ನೆನಪಾಗಿದೆ, ಭಾನುವಾರ ಹೆಂಡತಿ ಮಕ್ಕಳ ಜೊತೆ ಎಲ್ಲಿಗೆ ಹೋಗಲಿ ಎಂದು ಯೋಚಿಸುತ್ತಿದ್ದಾನೆ. ಇನ್ನೊಬ್ಬ ಬರೆಯುತ್ತಾನೆ, ಇವನೊಬ್ಬ ಎಂಜಿನಿಯರ್, ಸೇತುವೆಯ ನಕ್ಷೆಯಲ್ಲಿ ಒಂದು ತೊಡಕು, ಅದನ್ನು ಬಿಡಿಸದೆ ಏಳುವವನಲ್ಲ. ಎರಡನೆಯದಕ್ಕೆ ಹೆಚ್ಚು ಅಂಕ. ಹೀಗೆ ತಮ್ಮದೇ ಕಥೆಗಳನ್ನು ತಾವೇ ಎಣಿಸಲು ಕಲಿತು, ಆಟಗಳಲ್ಲಿ ಎಷ್ಟು ಅಪಾಯ ತೆಗೆದುಕೊಳ್ಳಬೇಕೆಂದು ತೂಗಿ, ಮುಂದಿನ ಎರಡು ವರ್ಷಕ್ಕೆ ಗುರಿ ಬರೆದಿಟ್ಟು ಅವರು ಊರಿಗೆ ಮರಳಿದರು. ತರಬೇತಿ ಪಡೆಯದ ರಾಜಮಂಡ್ರಿಯ ವ್ಯಾಪಾರಿಗಳೊಡನೆ ಅವರನ್ನು ಹೋಲಿಸಿ ನೋಡಿದರು. ಕಾಕಿನಾಡದವರು ಹೊಸ ವ್ಯವಹಾರ ಹೆಚ್ಚು ತೆರೆದಿದ್ದರು, ಹೆಚ್ಚು ಬಂಡವಾಳ ಹೂಡಿದ್ದರು, ಹೆಚ್ಚು ಜನಕ್ಕೆ ಕೆಲಸ ಕೊಟ್ಟಿದ್ದರು.

ಈ ಪ್ರಯೋಗ ಜಗತ್ತಿಗೆಲ್ಲ ಪ್ರಸಿದ್ಧವಾಯಿತು. ಅದರೊಳಗೆ ಅಡಗಿದ್ದ ಇನ್ನೆರಡು ಸಂಗತಿಗಳಿಗೆ ಅಷ್ಟು ಹೆಸರು ಬರಲಿಲ್ಲ. ಮೊದಲನೆಯದು, ಜಾತಿ, ಆಚಾರ, ಹಳೆಯ ನಂಬಿಕೆ ಯಾವುದೂ ಇವರ ಕಾಲಿಗೆ ತೊಡಕಾಗಲಿಲ್ಲ. ಪಂಚೆ ಉಟ್ಟು ಮುಹೂರ್ತ ನೋಡುವವನೂ ಪ್ಯಾಂಟು ತೊಟ್ಟವನಷ್ಟೇ ಹುರುಪಿನಿಂದ ಅಂಗಡಿ ಬೆಳೆಸಿದ. ಎರಡನೆಯದು, ವ್ಯವಹಾರದ ಹಿಡಿತ ತಮ್ಮ ಕೈಯಲ್ಲೇ ಇದ್ದವರಲ್ಲಿ ಫಲ ಎದ್ದು ಕಂಡಿತು. ಪೆಟ್ಟಿಗೆಯ ಬೀಗದ ಕೈ ಅಪ್ಪನದೋ ಅಣ್ಣನದೋ ಆಗಿದ್ದವರಿಗೆ ಹಂಬಲ ಕಲಿತೂ ಹೆಚ್ಚು ದಕ್ಕಲಿಲ್ಲ. ಸಂಪ್ರದಾಯವೇ ಬೇಡಿ ಎಂದುಕೊಂಡು ಬಂದ ಶಾಸ್ತ್ರಕ್ಕೆ ಕಾಕಿನಾಡದ ವ್ಯಾಪಾರಿಗಳು ಕೊಟ್ಟ ಉತ್ತರ ಅದು.

ಮಸ್ಸೂರಿಯ ಸಂಸ್ಥೆಯೂ ರಾಷ್ಟ್ರೀಯ ಸಮುದಾಯ ಅಭಿವೃದ್ಧಿ ಸಂಸ್ಥೆಯೆಂದು ಹೆಸರಾಗಿ, ಅದೇ ದಿನಗಳಲ್ಲಿ ಬೆಟ್ಟ ಇಳಿದು ಹೈದರಾಬಾದಿನ ರಾಜೇಂದ್ರನಗರಕ್ಕೆ ಬಂತು. 1965ರ ನವೆಂಬರಿನಲ್ಲಿ ಸ್ವಾಯತ್ತವಾಯಿತು. ಅಮೆರಿಕಾದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದವರು ಆಗ ಬ್ರೆಜಿಲ್, ನೈಜೀರಿಯಾ, ಭಾರತ ಮೂರರಲ್ಲೂ ಒಂದೇ ಪ್ರಶ್ನೆ ಹಿಡಿದು ಹೊರಟಿದ್ದರು: ಹೊಸ ಬೀಜ, ಹೊಸ ಗೊಬ್ಬರ ಹಳ್ಳಿಯಲ್ಲಿ ಹೇಗೆ ಹರಡುತ್ತವೆ, ಯಾರು ಮೊದಲು ಒಪ್ಪುತ್ತಾರೆ, ಯಾರು ಕೊನೆಗೆ? ಹೊಸತು ಹರಡುವ ಬಗೆಗೆ ಶಾಸ್ತ್ರ ಬರೆದ ಎವರೆಟ್ ರಾಜರ್ಸ್ ಅದರ ಸೂತ್ರಧಾರ. ಭಾರತದ ಕೆಲಸ ನಡೆದದ್ದು ಈ ರಾಜೇಂದ್ರನಗರದ ಸಂಸ್ಥೆಯಲ್ಲಿ, ಪ್ರದೀಪ್ತೋ ರಾಯ್ ಮೊದಲಾದವರ ಜೊತೆ. ಆಂಧ್ರ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 108 ಹಳ್ಳಿಗಳನ್ನು ಅವರು ತೆಗೆದುಕೊಂಡರು. ತೆಲುಗು ರೈತನ ಉತ್ತರ, ಪೂರ್ವ ನೈಜೀರಿಯಾದ ರೈತನ ಉತ್ತರ, ಬ್ರೆಜಿಲಿನ ಮಿನಾಸ್ ಜೆರಾಯಿಸ್ ಸೀಮೆಯ ರೈತನ ಉತ್ತರ ಅಕ್ಕಪಕ್ಕ ಕೂತವು. 1967ರಲ್ಲಿ ಆ ಪೂರ್ವ ನೈಜೀರಿಯಾವೇ ಬಯಾಫ್ರಾ ಎಂದು ಸಿಡಿದು ಯುದ್ಧಕ್ಕೆ ಬಿತ್ತು. ನಿನ್ನೆ ಯೂರಿಯಾ ಬಳಸುತ್ತೀಯಾ ಎಂದು ಕೇಳಿದ ಅಂಗಳಗಳಲ್ಲಿ ಮಕ್ಕಳು ಹಸಿವಿನಿಂದ ಸತ್ತರು. ಕೋಷ್ಟಕಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ರಾಜರ್ಸ್ ದೊಡ್ಡ ಮನುಷ್ಯ. 1976ರಲ್ಲಿ ತಾವೇ ಬೆಳೆಸಿದ ಆ ಬಗೆಯ ಚಿಂತನೆಯ ಕಾಲ ಮುಗಿಯಿತೆಂದು ಬರೆದರು. ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟಿ, ಭೂಮಿ, ಸಾಲ, ಮಾರುಕಟ್ಟೆಯ ವ್ಯವಸ್ಥೆಯನ್ನು ನೋಡದೆ ಹೋದೆವು ಎಂಬುದು ಅವರ ಒಪ್ಪಿಗೆಯ ಸಾರ.

ಇಷ್ಟರಲ್ಲಿ ದಾರಿಯ ದಿಕ್ಕೂ ತಿರುಗಿತ್ತು. 1964ರ ಸೆಪ್ಟೆಂಬರ್ 15ರಂದು ಭಾರತ ಸರ್ಕಾರ ಐಟೆಕ್ ಎಂಬ ತಾಂತ್ರಿಕ ಸಹಕಾರ ಯೋಜನೆಯನ್ನು ಆರಂಭಿಸಿತು. ಕಲಿಯಲೆಂದು ಪಶ್ಚಿಮಕ್ಕೆ ಹೋಗುತ್ತಿದ್ದ ನಾಡು ಕಲಿಸಲು ಬಾಗಿಲು ತೆರೆಯಿತು. 1967ರಿಂದ ಸಿಯೆಟ್ ಪರದೇಶದವರಿಗೆಂದೇ ತರಗತಿ ನಡೆಸಿತು. ಆಗಷ್ಟೇ ಸ್ವತಂತ್ರವಾದ ದೇಶಗಳ ಅಧಿಕಾರಿಗಳು ಸಣ್ಣ ಕಾರ್ಖಾನೆಗೆ ಸಾಲ ಹೇಗೆ, ಕೈಗಾರಿಕಾ ವಸಾಹತು ಎಲ್ಲಿ, ಕಚ್ಚಾಮಾಲು ಯಾರ ಮೂಲಕ ಎಂದು ತಿಳಿಯಲು ಬಂದರು. ಅದೇ 1967ರ ಏಪ್ರಿಲ್ 11ರಂದು ಎ.ಎಸ್. ರಾವ್ ಅವರ ಮುಂದಾಳತ್ವದಲ್ಲಿ ಇಸಿಐಎಲ್ ಸ್ಥಾಪನೆಯಾಗಿ ಈ ಕುಷಾಯಿಗೂಡದ ಭಾಗ್ಯವೂ ಬದಲಾಯಿತು. ದೊಡ್ಡ ಕಾರ್ಖಾನೆಯ ಬೆನ್ನಿಗೆ ಚಿಕ್ಕ ಶೆಡ್ಡುಗಳು ಬಂದವು. ಕೈಗಾರಿಕಾ ಪ್ರದೇಶದ ಒಂದು ಬೀದಿಯಲ್ಲಿ ಹೊತ್ತು ಮುಳುಗಿದ ಮೇಲೆ ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅರ್ಧ ಎಳೆದ ಶಟರಿನ ಕೆಳಗೆ ಟ್ಯೂಬ್‌ಲೈಟಿನ ಬೆಳಕು, ಲೇತಿನ ಚಕ್ಕಿನಲ್ಲಿ ತಿರುಗುವ ಕಬ್ಬಿಣ, ಸುರುಳಿ ಸುರುಳಿಯಾಗಿ ಬೀಳುವ ನೀಲಿ ಹೊಳಪಿನ ಚೂರು, ಕೂಲೆಂಟಿನ ಕಮಟು ವಾಸನೆ. ಟರ್ನರ್ ಯಂತ್ರ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ವರ್ನಿಯರಿನಲ್ಲಿ ಅಳೆದು, ಮತ್ತೆ ಚಾಲೂ ಮಾಡುತ್ತಾನೆ. ಹಂಬಲವನ್ನು ಇವನಿಗೆ ಯಾರೂ ಕಲಿಸಬೇಕಾಗಿಲ್ಲ. ಅವನ ಮಾಲೀಕನಿಗೆ ಬೇಕಾದದ್ದು ಮಾಡಿದ ಜಾಬ್‌ವರ್ಕಿನ ಬಿಲ್ಲು ಹೊತ್ತಿಗೆ ಸರಿಯಾಗಿ ಪಾಸಾಗುವುದು.

1972ರಲ್ಲಿ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಹುಟ್ಟಿತು. ಒಣಭೂಮಿಯ ಬೆಳೆಗಳಿಗಾಗಿ ಹಲವು ದೇಶಗಳು ಕೂಡಿ ಕಟ್ಟಿದ ಸಂಶೋಧನಾ ಸಂಸ್ಥೆ. ಅದು ಆಡಳಿತ ನೀತಿ ಕಲಿಸುವ ಶಾಲೆಯಲ್ಲ, ಆದರೂ ಆ ನೀತಿ ಕಲಿಸುವವರಿಗೆ ಅದು ಕೊಟ್ಟಷ್ಟು ಪಾಠವನ್ನು ಬೇರಾರೂ ಕೊಟ್ಟಿಲ್ಲವೆಂದು ನನ್ನ ಎಣಿಕೆ. 1975ರಲ್ಲಿ ಅದರ ಅರ್ಥಶಾಸ್ತ್ರಜ್ಞರು ಆರು ಹಳ್ಳಿಗಳನ್ನು ಆಯ್ದರು: ಮೆಹಬೂಬ್‌ನಗರ ಜಿಲ್ಲೆಯ ಔರೇಪಲ್ಲಿ, ದೋಕೂರು, ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಕಲಮಾಣ, ಅಕೋಲಾ ಜಿಲ್ಲೆಯ ಕಾಂಝರಾ, ಕಿನ್ಖೇಡಾ. ಊರಿಗೆ 40ರಂತೆ 240 ಮನೆಗಳು. ಅದರಲ್ಲಿ ಭೂಮಿಯಿಲ್ಲದ ಕೂಲಿಯವರ ಮನೆಗಳೂ ಸೇರಿದ್ದವು. ಊರ ಭಾಷೆ ಬಲ್ಲ ಯುವಕರು ಅಲ್ಲೇ ಮನೆ ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಪ್ರತಿ ಮನೆಗೂ ಹೋಗಿ, ಯಾರು ಯಾವ ಹೊಲದಲ್ಲಿ ಎಷ್ಟು ಹೊತ್ತು ದುಡಿದರು, ಎಷ್ಟು ಸಾಲ ತಂದರು, ಏನು ಉಂಡರು ಎಂದು ವರ್ಷಗಟ್ಟಲೆ ಬರೆದುಕೊಂಡರು. ಶಾಮೀರ್‌ಪೇಟೆಯ ಜಗಲಿಯ ಕೆಲಸವೇ ಮತ್ತೆ, ಇನ್ನಷ್ಟು ತಾಳ್ಮೆಯಿಂದ.

ಹನ್ಸ್ ಬಿನ್ಸ್ವಾಂಗರ್ ಎಂಬ ಅರ್ಥಶಾಸ್ತ್ರಜ್ಞ ಇಂಥ ರೈತರ ಮುಂದೆ ನಿಜವಾದ ದುಡ್ಡನ್ನೇ ಇಟ್ಟು ಒಂದು ಆಟ ಹೂಡಿದರು. ನಾಣ್ಯ ಚಿಮ್ಮುವ ಆಟ. ರಾಜ ಬೀಳಲಿ, ರಾಣಿ ಬೀಳಲಿ, 50 ರೂಪಾಯಿ ಖಚಿತ ಎಂಬುದು ಒಂದು ತುದಿ. ಬಿದ್ದರೆ 200, ಇಲ್ಲದಿದ್ದರೆ ಬರಿಗೈ ಎಂಬುದು ಇನ್ನೊಂದು ತುದಿ. ನಡುವೆ ಬಗೆಬಗೆಯ ಮೆಟ್ಟಿಲು. ದೊಡ್ಡ ಆಟದ ಗೆಲುವು ಕೂಲಿಕಾರನ ತಿಂಗಳ ಗಳಿಕೆಯನ್ನೂ ಮೀರುತ್ತಿತ್ತು. ಬಡವ ಹೆದರಿ ಮೊದಲ ಮೆಟ್ಟಿಲಿಗೇ ನಿಲ್ಲುತ್ತಾನೆ, ಉಳ್ಳವನು ಧೈರ್ಯ ಮಾಡುತ್ತಾನೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಆಟ ಮುಗಿದಾಗ ಕಂಡದ್ದೇ ಬೇರೆ. ಮೊತ್ತ ದೊಡ್ಡದಾದಂತೆ ಹೆಚ್ಚುಕಡಿಮೆ ಎಲ್ಲರೂ ಹಿತಮಿತವಾದ ಎಚ್ಚರಿಕೆಯ ಒಂದೇ ಪಟ್ಟಿಗೆ ಬಂದು ನಿಂತರು. ಆಸ್ತಿಯಿಂದ ಆದ ವ್ಯತ್ಯಾಸ ಲೆಕ್ಕಕ್ಕೆ ಸಿಗದಷ್ಟು. ಹತ್ತು ಎಕರೆಯವನೂ ಕೂಲಿಯವನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು. ಬೇರೆಯಾಗಿದ್ದದ್ದು ಅವರ ಮನೆಯ ಕಣಜ, ಅವರಿಗೆ ಸಾಲ ಕೊಡುವವನ ಮುಖ. ದುಬೆ 1950ರ ದಶಕದಲ್ಲಿ ಕಂಡದ್ದನ್ನು, ಕಾಕಿನಾಡದ ವ್ಯಾಪಾರಿಗಳು ತಮಗೇ ತಿಳಿಯದಂತೆ ಹೇಳಿದ್ದನ್ನು, ಒಣಭೂಮಿಯ ರೈತರು ನಾಣ್ಯ ಚಿಮ್ಮಿ ತೋರಿಸಿಕೊಟ್ಟರು. ಆ ಆರರಲ್ಲಿ ಮೂರು ಊರುಗಳ ಅಂಕಿಗಳನ್ನು ಹಿಡಿದು ಷಿಕಾಗೋದ ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ, ಮಳೆ ಕೈಕೊಟ್ಟ ವರ್ಷ ಹಳ್ಳಿಯವರು ಒಬ್ಬರಿಗೊಬ್ಬರು ಹೇಗೆ ಆಸರೆಯಾಗುತ್ತಾರೆಂದು ಬರೆದರು. ಅರ್ಥಶಾಸ್ತ್ರ ಓದುವವರು ಇಂದಿಗೂ ಔರೇಪಲ್ಲಿಯ ಹೆಸರನ್ನು ನಾಲಿಗೆ ಹೊರಳಿಸಿ ಕಲಿಯುತ್ತಾರೆ.

1977ರಲ್ಲಿ ರಾಜೇಂದ್ರನಗರದ ಸಂಸ್ಥೆ ರಾಷ್ಟ್ರೀಯ ಗ್ರಾಮೀಣ ಅಭಿವೃದ್ಧಿ ಸಂಸ್ಥೆಯಾಯಿತು. 1979ರಲ್ಲಿ ಢಾಕಾದಲ್ಲಿ ಏಷ್ಯಾ ಪೆಸಿಫಿಕ್ ದೇಶಗಳ ಗ್ರಾಮೀಣ ಅಭಿವೃದ್ಧಿ ಕೇಂದ್ರ ಹುಟ್ಟಿದಾಗ ಭಾರತದ ಕೊಂಡಿಯಾಗಿ ನಿಂತದ್ದು ಅದೇ. ಸಿಯೆಟ್ಟಿಗೂ ಮುಂದೆ ಎರಡು ಸಲ ಹೆಸರು ಬದಲಾಗಿದೆ. ಬೆಲ್ಲಾ ವಿಸ್ತಾದಲ್ಲಿ ಅಧಿಕಾರಿಗಳು ಇಂದಿಗೂ ಬಂದು ಹೋಗುತ್ತಾರೆ.

ಶಾಮೀರ್‌ಪೇಟೆಯೂ ಬದಲಾಗಿದೆ. 1998ರಲ್ಲಿ ಸ್ಥಾಪನೆಯಾದ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಅಲ್ಲೇ ನೆಲೆಸಿದೆ. ಅಂತರರಾಷ್ಟ್ರೀಯ ಕಾನೂನು, ವ್ಯಾಪಾರದ ಒಪ್ಪಂದ, ನಿರಾಶ್ರಿತರ ಹಕ್ಕು ಅಲ್ಲಿನ ತರಗತಿಯ ಮಾತು. ಕಳೆದ ಮಳೆಗಾಲದಲ್ಲಿ ಕುಷಾಯಿಗೂಡದಿಂದ ಹೊರಟು ಕೆರೆಯ ಏರಿಯ ಮೇಲೆ ನಿಂತಿದ್ದೆ. ನೀರು ತುಂಬಿತ್ತು. ಬೆನ್ನಿಗೆ ಚೀಲ ಹಾಕಿದ ಇಬ್ಬರು ವಿದ್ಯಾರ್ಥಿನಿಯರು ಜೋಳದ ತೆನೆ ಸುಡುವ ಮುದುಕಿಯ ಬಳಿ ನಿಂತು, ಒಲೆಯ ಇದ್ದಿಲು ಎಲ್ಲಿಂದ ಬರುತ್ತದೆ, ತೆನೆಗೆ ಎಷ್ಟು ಕೊಟ್ಟೆ, ದಿನಕ್ಕೆ ಎಷ್ಟು ಮಿಗುತ್ತದೆ ಎಂದು ಕೇಳುತ್ತಿದ್ದರು. ಒಬ್ಬಳ ಕೈಯಲ್ಲಿ ನೋಟ್‌ಬುಕ್ ಇತ್ತು. ಮುದುಕಿ ಬೀಸಣಿಗೆ ಬೀಸುತ್ತಲೇ ಒಂದೊಂದಕ್ಕೂ ಲೆಕ್ಕ ಹೇಳಿದಳು. ಆಮೇಲೆ ತಲೆ ಎತ್ತಿ, ನೀವು ಯಾವ ಊರವರಮ್ಮಾ, ನಿಮ್ಮಪ್ಪನಿಗೆ ಎಷ್ಟು ಹೊಲ, ಎಂದು ಅವರನ್ನೇ ಕೇಳತೊಡಗಿದಳು.